ತಪ್ಪಿದ ಗುಂಡನ್ನೂ ಎಣಿಸುವ ಊರು

ಸಿಂಧನೂರು, ಹೊರಡುವ ಮುನ್ನ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೊದಲು ಕೇಳುವುದು ಅಲ್ಲಿ ಚಳಿ ಎಷ್ಟಿತ್ತು ಎಂದು. ಆಮೇಲೆ, ಅನ್ನ ಸಿಗುತ್ತಿತ್ತೋ ಇಲ್ಲವೋ ಎಂದು. ಎರಡಕ್ಕೂ ಉತ್ತರ ಕೊಟ್ಟು ಮುಗಿಸಿದ್ದೇನೆ. ನಾನು ನೋಡಿ ಬಂದದ್ದರಲ್ಲಿ ಬರೆಯಬೇಕಾದದ್ದು ಒಂದೇ. ಬಾಯಿಯಿಂದ ಮದ್ದು ತುಂಬಿ ಹೊಡೆಯುವ ಹಳೇ ಕಾಲದ ಬಂದೂಕು ಎಷ್ಟು ದೂರಕ್ಕೆ, ಎಷ್ಟು ಸರಿಯಾಗಿ ಹೊಡೆಯುತ್ತದೆ ಎಂಬುದು. ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಯಿತಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಅಂಥ ಬಂದೂಕು ನಮ್ಮ ಮನೆಯ ಗೋಡೆಯ ಮೇಲೇ ಇತ್ತು.

ನಾನು ಸಿಂಧನೂರಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮೂರು ಸಂತೆಕಲ್ಲೂರಿನಿಂದ ಆಚೆ, ಕಾಲುವೆ ನೀರು ಮುಟ್ಟದ ಕಡೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಎತ್ತಿ ಕೈಗೆ ಕೊಟ್ಟದ್ದಲ್ಲ. ಅಣ್ಣ ಹುಸೇನಪ್ಪ ಏಳನೆಯ ತರಗತಿಗೆ ಶಾಲೆ ಬಿಟ್ಟು ಎತ್ತು ಹೂಡಿದ, ನಾನು ಮಸ್ಕಿಯ ಬಸ್ಸು ಹಿಡಿದೆ. ಅವನು ಬಿಟ್ಟದ್ದರಿಂದಲೇ ನಾನು ಓದಿದೆ.

ಗೋಡೆಯ ಮೇಲಿನದು ಅಜ್ಜನ ಬಂದೂಕು. ಬೆಳೆ ಕಾಯುವುದಕ್ಕೆಂದು ಸಿಕ್ಕ ಲೈಸೆನ್ಸು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅಣ್ಣನಿಗೆ ಬಂದಿದೆ. ಪ್ರತಿ ಚುನಾವಣೆಗೂ ಅದನ್ನು ಠಾಣೆಯಲ್ಲಿಟ್ಟು ಬರಬೇಕು. ಮಹಾನವಮಿಗೆ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಪೂಜೆ ಮಾಡಬೇಕು. ಉಳಿದ ದಿನ ಅದರ ಕೆಲಸ ಶೇಂಗಾ ಹೊಲಕ್ಕೆ ಬೀಳುವ ಹಂದಿಗಳನ್ನು ಓಡಿಸುವುದು. ಆದರೆ ಊರಿನ ಬಾಯಲ್ಲಿ ಅದರ ಕೆಲಸ ಬೇರೆಯೇ. ಕುರಿಹಟ್ಟಿಗೆ ಬಂದ ತೋಳವನ್ನು ಅಜ್ಜ ಎರಡು ಕಣ್ಣಿನ ನಡುವೆ ಹೊಡೆದನಂತೆ. ನಾನು ಚಿಕ್ಕವಳಿದ್ದಾಗ ಆ ತೋಳ ಹಟ್ಟಿಯ ಬೇಲಿಯ ಹತ್ತಿರ ನಿಂತಿತ್ತು. ನಾನು ಹೈಸ್ಕೂಲಿಗೆ ಹೋಗುವಷ್ಟರಲ್ಲಿ ಹಳ್ಳ ದಾಟಿತು. ಬಿಎಸ್ಸಿ ಮುಗಿಸುವ ಹೊತ್ತಿಗೆ ಗುಡ್ಡದ ನೆತ್ತಿ ಹತ್ತಿತ್ತು. ಹತ್ತಿಸಿದವನು ಮೌಲಾಸಾಬ್ ಕಾಕಾ. ಬಸ್ಸು ನಿಲ್ಲುವಲ್ಲಿ ಅವನ ಚಹಾದಂಗಡಿ ಇದೆ. ಅಪ್ಪನ ಜೀವದ ಗೆಳೆಯ, ನಮ್ಮನ್ನೆಲ್ಲ ಎತ್ತಿ ಆಡಿಸಿದವನು. ಅಜ್ಜನ ಕಥೆ ಮುಗಿದ ಮೇಲೆ ಅವನು ಅಣ್ಣನ ಕಥೆ ಶುರು ಮಾಡಿದ. ಹುಸೇನಪ್ಪನ ಗುಂಡು ತಪ್ಪುವುದಿಲ್ಲ ಎಂಬುದು ನಮ್ಮೂರಿನಲ್ಲಿ ಸೂರ್ಯ ಮೂಡುವಷ್ಟೇ ಖಾತ್ರಿಯ ಮಾತಾಯಿತು.

ಕಳೆದ ಶೇಂಗಾ ಕೀಳುವ ಕಾಲಕ್ಕೆ, ಹೊತ್ತು ಮುಳುಗುವಾಗ, ಹಳ್ಳದ ದಂಡೆಗೆ ಹಂದಿ ಹಿಂಡು ಬಂತು. ಅಣ್ಣ ನಮ್ಮ ಬದುವಿನ ಮೇಲೆ ನಿಂತು ಹೊಡೆದ. ಹಂದಿಗಳು ಓಡಿದವು. ಹಳ್ಳದ ಆಚೆ ಜಾಲಿ ಪೊದೆಯ ಹಿಂದೆ ಮೇಯುತ್ತಿದ್ದ ಅಮರೇಗೌಡರ ಎತ್ತು ಬಿತ್ತು. ಅವರಿಗೂ ನಮಗೂ ಹೊಲದ ದಾರಿಯ ತಂಟೆ ಮೊದಲಿನಿಂದ ಇದೆ. ಬೇಕಂತಲೇ ಹೊಡೆದ ಎಂದು ಅವರು ಠಾಣೆಗೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎತ್ತು ಕಳೆದುಕೊಂಡವರು ಸುಮ್ಮನಿರುವುದಿಲ್ಲ. ನನಗೆ ಸಿಟ್ಟು ಬಂದದ್ದು ಅಣ್ಣನನ್ನು ಉಳಿಸಲು ಹೋದ ನಮ್ಮವರ ಮೇಲೆ.

ಮೌಲಾಸಾಬ್ ಕಾಕಾ ಒಗೆದ ಅಂಗಿ ಹಾಕಿಕೊಂಡು, ನಾಕು ಮಂದಿ ಹಿರಿಯರನ್ನು ಕಟ್ಟಿಕೊಂಡು ಠಾಣೆಗೆ ಹೋದ. "ಹುಸೇನಪ್ಪ ಅಂಥಾವ ಅಲ್ರೀ ಸಾಹೇಬ್ರ, ಭಾಳ ಛಲೋ ಮನಶಾ" ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. "ಮತ್ತ ಅವನ ನಿಶಾನಿ ಅಂದ್ರ ನಿಶಾನಿ. ಅವನ ಗುಂಡು ತಪ್ಪಿದ್ದು ಈ ಸೀಮ್ಯಾಗ ಯಾರೂ ನೋಡಿಲ್ರೀ" ಎಂದು ಸೇರಿಸಿದ.

"ತಪ್ಪೂದೇ ಇಲ್ಲೇನು?" ಎಂದು ಸಾಹೇಬರು ಕೇಳಿದರಂತೆ.

"ಸವಾಲೇ ಇಲ್ರೀ."

ಅವರು ಹಾಗೆಯೇ ಬರೆದುಕೊಂಡರು. ಜೊತೆಗೆ ಹೋದವರೆಲ್ಲ ಎದೆಯುಬ್ಬಿಸಿ ಹೌದೌದು ಎಂದು ಬಂದರು. ಗುಂಡು ತಪ್ಪದವನ ಗುಂಡು ಎತ್ತಿಗೆ ಬಿದ್ದಿದೆ ಎಂದರೆ, ಅವನು ಎತ್ತಿಗೇ ಹೊಡೆದಿದ್ದಾನೆ ಎಂದಾಯಿತು. ಹೊಗಳಿ ಹೊಗಳಿ ನನ್ನ ಅಣ್ಣನನ್ನು ಜೈಲಿನ ಬಾಗಿಲಿಗೆ ತಂದು ನಿಲ್ಲಿಸಿದರು.

ಲಿಂಗಸುಗೂರಿನ ವಕೀಲರು ನನಗೆ ನೇರವಾಗಿ ಹೇಳಿದರು: "ಹಂದಿಗೆ ಹೊಡ್ದೆ, ತಪ್ತು ಅಂತ ನಿಮ್ಮಣ್ಣ ಕೋರ್ಟಿನಾಗ ಸಾಹೇಬ್ರ ಮುಂದ ಒಂದು ಮಾತು ಹೇಳ್ಲಿ ಮೇಡಂ. ಅದೊಂದು ಇಲ್ದ ನಾ ಏನೂ ಮಾಡಾಕ ಆಗೂದಿಲ್ಲ."

ಅಣ್ಣ ಒಪ್ಪಲಿಲ್ಲ. "ಅಜ್ಜನ ಬಂದೂಕು ತಪ್ತೈತಿ ಅಂತ ನನ್ನ ಬಾಯಿಲೆ ಹೇಳ್ಲೇನು? ಎತ್ತಿಗೆ ನಾ ಹೊಡ್ದಿಲ್ಲ. ಅಷ್ಟ ಹೇಳ್ತೀನಿ. ಜೇಲಿಗೆ ಹಾಕ್ತಾರಂದ್ರ ಹಾಕ್ಲಿ ಬಿಡವಾ."

ಇದನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡು ನಾನು ಬೇಸಿಗೆ ರಜೆಯಲ್ಲಿ ವಿಜ್ಞಾನ ಶಿಕ್ಷಕರ ತರಬೇತಿಗೆಂದು ವಿಮಾನ ಹತ್ತಿದೆ. ಪರೀಕ್ಷೆ ಬರೆದು, ಸಂದರ್ಶನ ಕೊಟ್ಟು, ಆಯ್ಕೆಯಾಗಿ ಹೊರಟದ್ದು. ಖುಷಿಪಡಬೇಕಾದ ಕಾಲದಲ್ಲಿ ಖುಷಿ ಇರಲಿಲ್ಲ.

ವಿಮಾನ ನಿಲ್ದಾಣ, ಗುರೆಳ್ಳು ಚಟ್ನಿ

ಅಣ್ಣನ ಹೆಂಡತಿ, ನಮ್ಮ ವೈನಿ, ಸಜ್ಜೆ ರೊಟ್ಟಿಯನ್ನು ಖಡಕ್ಕಾಗಿ ಬಡಿದು ಕಟ್ಟಿಕೊಟ್ಟಿದ್ದಳು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ. ಅಲ್ಲಿಳಿದ ಕೂಡಲೇ ನನ್ನ ಚೀಲವನ್ನು ಪಕ್ಕಕ್ಕೆ ಎಳೆದರು. ಕೈಗವಸು ಹಾಕಿದ ಒಬ್ಬ ಹುಡುಗಿ ಗುರೆಳ್ಳು ಹಿಂಡಿಯ ಡಬ್ಬಿ ತೆಗೆದು, ಬೆಳಕಿಗೆ ಹಿಡಿದು, ಈ ಕಪ್ಪು ಪುಡಿ ಏನು ಎಂದು ಕೇಳಿದಳು. ತಿನ್ನುವುದು ಎಂದೆ. ಯಾವುದಕ್ಕೆ ಹಚ್ಚಿಕೊಂಡು ಎಂದಳು. ರೊಟ್ಟಿ ತೋರಿಸಿದೆ. ಅವಳು ರೊಟ್ಟಿಯನ್ನು ಮೇಜಿಗೆ ಬಡಿದು ನೋಡಿದಳು. ಅದು ಟಣ್ ಎಂದಿತು. ಇನ್ನಿಬ್ಬರು ಬಂದರು. ಒಂದು ಬಿಳಿ ಬಟ್ಟೆಯ ಚೂರಿನಿಂದ ಹಿಂಡಿಯನ್ನು ಒರೆಸಿ ಯಂತ್ರದೊಳಗೆ ಇಟ್ಟು, ಸ್ಫೋಟಕವೋ ಅಲ್ಲವೋ ಎಂದು ಪರೀಕ್ಷೆ ಮಾಡಿದರು.

ನಾನು ನಿಂತಲ್ಲೇ ಕುದಿಯುತ್ತಿದ್ದೆ. ಹಿಂದೆ ನಿಂತ ಜನವೆಲ್ಲ ನನ್ನನ್ನು ನೋಡುತ್ತಿದ್ದರು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಲೇ ಎಂದು ಕೇಳಿದೆ. ಬೇಡ ಎಂದರು. ಕೊನೆಗೆ ಯಂತ್ರ ಏನು ಹೇಳಿತೋ, ಡಬ್ಬಿ ವಾಪಸು ಕೊಟ್ಟರು. ಕ್ಷಮಿಸಿ ಎನ್ನಲಿಲ್ಲ. ಒಳ್ಳೆಯ ದಿನವಾಗಲಿ ಎಂದರು.

ಡೋರಿಸ್ ಮನೆ

ನನಗೆ ಗೊತ್ತು ಮಾಡಿದ್ದು ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನಲ್ಲಿ ಡೋರಿಸ್ ಎಂಬ ಹೆಂಗಸಿನ ಮನೆ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸೂರ್ಯ ನೆತ್ತಿಯಿಂದ ಸ್ವಲ್ಪ ಇಳಿದರೆ ಸಾಕು, ರಾತ್ರಿ ಊಟಕ್ಕೆ ಕರೆಯುತ್ತಿದ್ದಳು. ನಾಯಿ ಸೋಫಾದ ಮೇಲೆ ಮಲಗುತ್ತಿತ್ತು, ಬಂದವರು ಕುರ್ಚಿ ಎಳೆದುಕೊಳ್ಳಬೇಕಿತ್ತು. ಅವಳ ಅಣ್ಣ ವಾಲ್ಟರ್ ನಾಲ್ಕು ಮನೆ ಆಚೆ ಒಬ್ಬನೇ ಇದ್ದ. ಊಟಕ್ಕೆ ದಿನಾ ತಂಗಿಯ ಮನೆಗೆ. ನಮ್ಮ ಕಡೆ ಅಣ್ಣ ಪಂಚಮಿಗೆ ಕರೆಯಲು ಬಂದರೂ ಕೈಯಲ್ಲಿ ಏನಾದರೂ ಹಿಡಿದು ಬರುತ್ತಾನೆ. ಇವನು ಬರಿಗೈಯಲ್ಲಿ ಬರುತ್ತಿದ್ದ, ಆದರೆ ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ. ಹುಸೇನಪ್ಪ ಹುಟ್ಟಿದಾಗಿನಿಂದ ಒಂದು ತಟ್ಟೆ ತೊಳೆದದ್ದು ನಾನು ಕಂಡಿಲ್ಲ. ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

ಮೂರನೆಯ ದಿನ ಚಹಾಕ್ಕೆ ಸಕ್ಕರೆ ಹುಡುಕುತ್ತ ಅಡುಗೆಮನೆಯ ಕಪಾಟು ತೆಗೆದೆ. ಮೈದಾ ಡಬ್ಬಿಯ ಪಕ್ಕ ಒಂದು ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಕಪ್ಪು ಪುಡಿ. ಗುರೆಳ್ಳಲ್ಲ. ನಮ್ಮ ಮನೆಯಲ್ಲಿ ಬೆಳೆದವರಿಗೆ ಆ ವಾಸನೆ ಗೊತ್ತು. ಅಸಲಿ ಬಂದೂಕಿನ ಮದ್ದು.

"ಇದು ಇಲ್ಲಿ ಯಾಕಿದೆ?" ಎಂದು ಕೇಳಿದೆ.

"ವಾಲ್ಟರಂದು ಅದು. ಅವನ ಮನಿ ಸೋರತೈತಿ. ಮೆತ್ತಗಾಗ್ತೈತಿ ಅಂತ ನನ್ನ ತಲಿ ಮ್ಯಾಲೆ ತಂದಿಟ್ಟಾನ" ಎಂದಳು ಡೋರಿಸ್. ಅವರಿಬ್ಬರ ಇಂಗ್ಲಿಷನ್ನು ನಾನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ಪುಸ್ತಕದ ಕನ್ನಡಕ್ಕೆ ಅವರ ಬಾಯಿ ಒಗ್ಗುವುದಿಲ್ಲ.

ವಾಲ್ಟರನ ಬಂದೂಕೂ ಬಾಯಿಯಿಂದ ಮದ್ದು ತುಂಬುವಂಥದ್ದೇ. ಲೈಸೆನ್ಸ್ ಎಲ್ಲಿದೆ ಎಂದು ಕೇಳಿದೆ. ಇಂಥ ಹಳೇ ನಮೂನೆಯದಕ್ಕೆ ಇಲ್ಲಿ ಲೈಸೆನ್ಸ್ ಯಾಕೆ ಎಂದ. ಚುನಾವಣೆಗೆ ಠಾಣೆಯಲ್ಲಿಡುವುದಿಲ್ಲವೇ ಎಂದೆ. ಅವನು ನಕ್ಕು ನಕ್ಕು ಕೆಮ್ಮಿದ. ನನಗೆ ನಗು ಬರಲಿಲ್ಲ. ನನ್ನ ಚಟ್ನಿಯನ್ನು ಯಂತ್ರಕ್ಕೆ ಹಾಕಿ ಪರೀಕ್ಷಿಸಿದ ದೇಶದಲ್ಲಿ ಮದ್ದಿನ ಡಬ್ಬಿ ಮೈದಾ ಹಿಟ್ಟಿನ ಜೊತೆ ಸಂಸಾರ ಮಾಡುತ್ತಿದೆ. ನಮ್ಮಲ್ಲಿ ಅಪ್ಪ ಕಾಯಿಲೆ ಬಿದ್ದ ವರ್ಷವೂ ಹೆಗಲ ಮೇಲೆ ಬಂದೂಕು ಹೊತ್ತು ಠಾಣೆಗೆ ಹೋಗಿ ನಿಂತಿದ್ದ.

ಊಟವಾದ ಮೇಲೆ ಅಣ್ಣನ ಕಥೆಯನ್ನು ಅವರಿಗೆ ಹೇಳಿದೆ. ಎಲ್ಲ ಕೇಳಿ ವಾಲ್ಟರ್ ಒಂದೇ ಪ್ರಶ್ನೆ ಕೇಳಿದ: "ಎಷ್ಟು ದೂರ?"

ಬದುವಿನಿಂದ ಹಳ್ಳಕ್ಕೆ ಯಾರೂ ಟೇಪು ಹಿಡಿದಿಲ್ಲ. ಆದರೆ ಆಚೆ ದಂಡೆಯಲ್ಲಿ ನಿಂತು ಕೂಗಿದರೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಹಾಗೆಂದೆ.

"ಶನಿವಾರ ನನ್ನ ಸಂಗಾಟ ಬಾ" ಎಂದ.

ಶನಿವಾರ, ಗುಡ್ಡದ ಬುಡದ ಮೈದಾನ

ಊರಾಚೆ ಗುಡ್ಡ ಕಡಿದು ಮಾಡಿದ ಮೈದಾನ. ಹಿಂದೆ ಎತ್ತರದ ಮಣ್ಣಿನ ಒಡ್ಡು, ಅದರ ಮುಂದೆ ಕಾಗದ ಅಂಟಿಸಿದ ಹಲಗೆಗಳು. ಹತ್ತು ಹನ್ನೆರಡು ಮಂದಿ ಮುದುಕರು, ಮೂವರು ಹೆಂಗಸರು. ಎಲ್ಲರ ಕೈಯಲ್ಲೂ ಉದ್ದನೆಯ ಹಳೇ ನಮೂನೆಯ ಬಂದೂಕು. ಎಲ್ಲರೂ ಕಿವಿಗೆ ಮುಚ್ಚಿಗೆ ಹಾಕಿಕೊಂಡು ಚೀರಿ ಚೀರಿ ಮಾತಾಡುತ್ತಿದ್ದರು. ಒಬ್ಬಳು ಕೇಕು ತಂದಿದ್ದಳು. ಸಂತೆಯ ಹಾಗೆ ಇತ್ತು, ಸದ್ದು ಮಾತ್ರ ಬೇರೆ.

ಅವರು ಮದ್ದು ತುಂಬುವುದನ್ನು ನೋಡಿ ನನಗೆ ಕಣ್ಣು ತೆರೆದಂತಾಯಿತು. ಅಣ್ಣ ಮದ್ದನ್ನು ಅಂಗೈಗೆ ಸುರುವಿಕೊಂಡು, ಹೂಂ ಇಷ್ಟು ಸಾಕು ಎಂದು ನಳಿಗೆಗೆ ಹಾಕುತ್ತಾನೆ. ಮೇಲೆ ಹಳೇ ಧೋತರದ ಚಿಂದಿ, ಅದರ ಮೇಲೆ ಕೈಗೆ ಸಿಕ್ಕ ಗುಂಡು, ಮತ್ತೆ ಚಿಂದಿ. ಗಜದ ಕೋಲಿನಿಂದ ಜಜ್ಜಿದರೆ ಮುಗಿಯಿತು. ಇವರು ಪ್ರತಿ ಸಲವೂ ಹಿತ್ತಾಳೆಯ ಸಣ್ಣ ಅಳತೆಯಲ್ಲಿ ಮದ್ದು ಅಳೆದು ಹಾಕುತ್ತಾರೆ, ಔಷಧಿ ಅಂಗಡಿಯವರ ಹಾಗೆ. ಗುಂಡಿಗೆ ಸರಿಯಾಗಿ ಕತ್ತರಿಸಿದ ಬಟ್ಟೆಯ ಬಿಲ್ಲೆ ಸುತ್ತಿ ಬಿಗಿಯಾಗಿ ಇಳಿಸುತ್ತಾರೆ. ಹೊಡೆದ ಮೇಲೆ ನಳಿಗೆಯ ಒಳಗಿನ ಮಸಿಯನ್ನು ಒರೆಸಿಯೇ ಇನ್ನೊಂದು ತುಂಬುವುದು.

ಆದರೆ ಆ ಬಟ್ಟೆಯ ಬಿಲ್ಲೆಯನ್ನು ಮೆತ್ತಗೆ ಮಾಡಲು ವಾಲ್ಟರ್ ಅದನ್ನು ಬಾಯಿಗೆ ಹಾಕಿಕೊಂಡು ಜಗಿದ. ಜಗಿದು, ಎಂಜಲು ಸಮೇತ ಬಂದೂಕಿನ ಬಾಯಿಗೆ ಇಟ್ಟ. ನನ್ನ ಸರದಿ ಬಂದಾಗ ಒಂದು ಬಿಲ್ಲೆ ನನ್ನ ಕೈಗೂ ಕೊಟ್ಟು, ಜಗಿ ಎಂದ.

"ನಮ್ಮಲ್ಲಿ ಬಂದೂಕಿಗೆ ಎಂಜಲು ಮುಟ್ಟಿಸುವುದಿಲ್ಲ" ಎಂದೆ. "ಪೂಜೆ ಮಾಡುತ್ತೇವೆ."

"ಪೂಜಾ ಮಾಡಿದ್ರ ನಟ್ಟಗ ಹೋಗ್ತೈತೇನು?" ಎಂದು ಅವನು ಕೇಳಿದ. ಚುಚ್ಚಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದು. ಆದರೂ ನನಗೆ ಕಿಡಿ ಹತ್ತಿತು. ಅಣ್ಣನ ಮೇಲೋ ಅವನ ಮೇಲೋ ಗೊತ್ತಾಗಲಿಲ್ಲ. ಬಿಲ್ಲೆಯನ್ನು ನೀರಿನಲ್ಲಿ ಅದ್ದಿ ಕೊಟ್ಟೆ.

ನಾನು ಹೊಡೆದದ್ದನ್ನೂ ಹೇಳಿಬಿಡುತ್ತೇನೆ. ಬಂದೂಕಿನ ಕುದುರೆ ಎಳೆದ ಮೇಲೆ ಮದ್ದಿಗೆ ಬೆಂಕಿ ತಗಲುವ ಒಳಗೆ ಒಂದು ಗಳಿಗೆ ಇರುತ್ತದೆ. ರೆಪ್ಪೆ ಬಡಿಯುವಷ್ಟು. ಅಷ್ಟರಲ್ಲಿ ಕೈ ಅಲುಗುತ್ತದೆ. ಭುಜಕ್ಕೆ ಯಾರೋ ಗುದ್ದಿದ ಹಾಗಾಯಿತು, ಮುಂದೆ ಬರೀ ಬಿಳಿ ಹೊಗೆ. ಹೊಗೆ ಸರಿದ ಮೇಲೆ ನೋಡಿದರೆ ನನ್ನ ಕಾಗದ ಒಂದು ತೂತೂ ಇಲ್ಲದೆ ಕನ್ಯೆಯ ಹಾಗೆ ನಿಂತಿತ್ತು. ಎರಡನೆಯದು ಅಂಚಿಗೆ ತಗಲಿತು. ಬಾಣ, ಕಲ್ಲು, ಗುಂಡು ಹೇಗೆ ಬಾಗಿ ಬೀಳುತ್ತವೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತೇನೆ. ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಅಲ್ಲಿ ಗಾಳಿ ಇತ್ತು.

ಪಳಗಿದವರ ಕೈ ಹೇಗಿತ್ತೆಂದರೆ, ಹತ್ತಿರದ ಹಲಗೆಯಲ್ಲಿ, ಅಂದರೆ ಐವತ್ತು ಹೆಜ್ಜೆಯ ಸುಮಾರಿನಲ್ಲಿ, ಗುಂಡುಗಳೆಲ್ಲ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ಅದರ ಎರಡರಷ್ಟು ದೂರಕ್ಕೆ ಊಟದ ತಟ್ಟೆ ಬೇಕಾಯಿತು, ಅದೂ ಕೆಲವು ಹೊರಗೇ. ಅದರಾಚೆಗೆ ಬೆಟ್ಟು ಮಾಡಿ ಕೇಳಿದರೆ ನಕ್ಕರು. ಇವು ಒಳಗೆ ಸುರುಳಿ ಗೀರು ಕೊರೆದ, ಗುಂಡನ್ನು ತಿರುಗಿಸಿ ಬಿಡುವ ಒಳ್ಳೆಯ ಬಂದೂಕುಗಳು. ಹೊಡೆಯುವವರು ಇದನ್ನೇ ಹುಚ್ಚಾಗಿ ಹಚ್ಚಿಕೊಂಡವರು.

ಅವರ ಒಂದು ಪದ್ಧತಿ ನನ್ನ ತಲೆಯಿಂದ ಹೋಗುತ್ತಿಲ್ಲ. ಹೊಡೆದು ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಕಾಗದ ತಂದು ಒಂದು ತಂತಿಗೆ ಒಣಹಾಕಿದ ಬಟ್ಟೆಯ ಹಾಗೆ ಸಿಕ್ಕಿಸುತ್ತಾರೆ. ಎಷ್ಟು ಹೊಡೆದೆ, ಎಷ್ಟು ತಗಲಿತು, ಎಷ್ಟು ತಪ್ಪಿತು ಎಂದು ಜೋರಾಗಿ ಕೂಗಿ ಹೇಳುತ್ತಾರೆ. ತಪ್ಪಿದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ವಾಲ್ಟರ್ ತನ್ನ ಕಾಗದ ಸಿಕ್ಕಿಸಿ, "ಎರಡು ಗುಡ್ಡಕ್ಕ ಹೋದ್ವು" ಎಂದ. ಕೇಕು ತಿನ್ನುತ್ತಿದ್ದ ಡೋರಿಸ್ ಕುಂತಲ್ಲಿಂದಲೇ, "ಮೂರು. ಒಂದು ಪಕ್ಕದ ಹಲಗಿಗೆ ಹೋತು, ನಾ ನೋಡೀನಿ" ಎಂದಳು. "ಹೌದು, ಮೂರು" ಎಂದ ಅವನು. ಮುಖ ಕೆಂಪಾಗಲಿಲ್ಲ. ಮರ್ಯಾದೆ ಹೋಯಿತೆಂದು ಮನೆಗೆ ಹೋಗಲಿಲ್ಲ. ಇನ್ನೊಂದು ತುಂಡು ಕೇಕು ತಿಂದ.

ನನಗೆ ಅಲ್ಲಿ ಬಂದ ಸಿಟ್ಟು ಇವರ ಮೇಲಿನದಲ್ಲ. ನಮ್ಮ ಮೂರು ತಲೆಮಾರಿನಲ್ಲಿ ಒಬ್ಬರಾದರೂ ಹೀಗೆ ಒಂದು ಸಲ ಕೂಗಿ ಹೇಳಿದ್ದರೆ ನನ್ನ ಅಣ್ಣ ಇವತ್ತು ಕಟಕಟೆಗೆ ಹೋಗಬೇಕಿರಲಿಲ್ಲ.

ಭಾನುವಾರ, ಅದೇ ಮೈದಾನ

ಅಜ್ಜನ ಬಂದೂಕಿನ ನಳಿಗೆಯಲ್ಲಿ ಸುರುಳಿ ಗೀರಿಲ್ಲ. ಒಳಗೆ ನುಣುಪು, ನೀರಿನ ಪೈಪಿನ ಹಾಗೆ. ಅಂಥದ್ದೊಂದನ್ನು ವಾಲ್ಟರ್ ಗೆಳೆಯನಿಂದ ತಂದ. ನಮ್ಮಣ್ಣ ತುಂಬುವ ಹಾಗೆ ತುಂಬು ಎಂದೆ. ಮದ್ದನ್ನು ಅಂಗೈಯಲ್ಲಿ ಅಳೆಯಲು ಅವನು ಒಪ್ಪಲಿಲ್ಲ. "ಮುಖಕ್ಕ ಒಡದ್ರ ಡೋರಿಸ್‌ಗೆ ನೀನ ಹೇಳಾಕಿ" ಎಂದು ಅಳತೆಯಲ್ಲೇ ಹಾಕಿದ. ಉಳಿದದ್ದೆಲ್ಲ ಹೇಳಿದ ಹಾಗೆ, ಚಿಂದಿ, ಸಡಿಲು ಗುಂಡು, ಮತ್ತೆ ಚಿಂದಿ. ದೂರದ ಒಡ್ಡಿಗೆ ಹಂದಿಯಷ್ಟು ದೊಡ್ಡ ರಟ್ಟು ನಿಲ್ಲಿಸಿ ಬಂದು, ಡೋರಿಸ್‌ಗೆ ಅಲ್ಲಿಂದ ಕೂಗಲು ಹೇಳಿದೆವು. ದನಿ ಕೇಳಿತು, ಮಾತು ತಿಳಿಯಲಿಲ್ಲ. ಸರಿಯಾದ ದೂರ ಎಂದೆ. ಅವಳು ಬಂದು ನಮ್ಮ ಹಿಂದೆ ಕುಳಿತ ಮೇಲೆ ವಾಲ್ಟರ್ ಬಂದೂಕು ಎತ್ತಿದ.

ಮೊದಲನೆಯದು ರಟ್ಟಿನ ಮುಂದೆಯೇ ನೆಲಕ್ಕೆ ಹೊಡೆದು ಮಣ್ಣು ಹಾರಿಸಿತು. ಎರಡನೆಯದು ಎಡಕ್ಕೆ ಒಡ್ಡಿನ ಮೇಲೆ. ಮೂರನೆಯದು ಎಲ್ಲಿ ಹೋಯಿತೋ ಯಾರಿಗೂ ಕಾಣಲಿಲ್ಲ. ನಾಲ್ಕನೆಯದು ಬಲಗಡೆ ಎಷ್ಟೋ ಆಚೆಯ ಕಟ್ಟಿಗೆಯ ಗೂಟಕ್ಕೆ ತಗಲಿ ಚಕ್ಕೆ ಎದ್ದಿತು. ಮಧ್ಯಾಹ್ನದವರೆಗೆ ಹೊಡೆದ. ರಟ್ಟಿನ ಮೂಲೆಯಲ್ಲಿ ಒಂದೇ ತೂತು. ನಾನು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದೆ.

"ಆ ಗೂಟ ನಿಮ್ಮ ಎತ್ತು" ಎಂದ ವಾಲ್ಟರ್. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಗಡುಸಾಗಿ ಹೇಳಿದ: "ಆದ್ರ ಹಿಂದ ಏನೈತಿ ಅಂತ ನೋಡ್ದ ನಿಮ್ಮಣ್ಣ ಹೊಡ್ದದ್ದು ತಪ್ಪು. ಅದನ್ನೂ ಅವಗ ಹೇಳು."

ಹೌದು. ಅದು ತಪ್ಪೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನೋಡದೆ ಹೊಡೆಯುವುದು ಬೇರೆ, ನೋಡಿ ಎತ್ತಿಗೆ ಹೊಡೆಯುವುದು ಬೇರೆ. ನನ್ನ ಅಣ್ಣನ ಮೇಲೆ ಇದ್ದದ್ದು ಎರಡನೆಯ ಆರೋಪ.

ಮಸ್ಕಿ, ಮರಳಿ ಬಂದ ದಿನ

ಬಸ್ಸಿಳಿದಾಗ ಅಣ್ಣ ಮೋಟರ್‌ಸೈಕಲ್ ಹಿಡಿದು ನಿಂತಿದ್ದ. ಚೀಲ ಇಸಿದುಕೊಳ್ಳುವ ಮೊದಲೇ ಕಟ್ಟೆಯ ಮೇಲೆ ಕೂರಿಸಿ ವಿಡಿಯೊ ತೋರಿಸಿದೆ. ರೆಪ್ಪೆ ಬಡಿಯದೆ ನೋಡಿದ. ನೆಲಕ್ಕೆ ಹೋದದ್ದು, ಒಡ್ಡಿಗೆ ಹೋದದ್ದು, ಗೂಟಕ್ಕೆ ಹೋದದ್ದು, ಎಲ್ಲ. ಮುಗಿದ ಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟು ಹೇಳಿದ:

"ಮುದುಕಗ ಹೊಡಿಯಾಕ ಬರಂಗಿಲ್ಲವಾ."

ಅಷ್ಟು ದೂರ ಹೋಗಿ, ಭುಜ ಕಂದಿಸಿಕೊಂಡು, ಚಟ್ನಿಯನ್ನು ಯಂತ್ರಕ್ಕೆ ಕೊಟ್ಟು ಬಂದವಳಿಗೆ ಇದು ಉತ್ತರ. ಬಸ್ ನಿಲ್ದಾಣದ ಮಂದಿಯೆಲ್ಲ ಕೇಳುವ ಹಾಗೆ ನಾನು ಅವನನ್ನು ಬೈದೆ. ಹಿರಿಯನೆಂದು ನೋಡಲಿಲ್ಲ.

"ಅಣ್ಣ, ನೀ ಹಂದಿಗೆ ಹೊಡ್ದಿ ಅಂತಿ. ಹಂದಿ ಸತ್ತಿತ್ತೇನು?"

"ಇಲ್ಲ."

"ಗಾಯ ಆಗಿತ್ತೇನು? ರಕ್ತ ಬಿದ್ದಿತ್ತೇನು?"

"ಇಲ್ಲವಾ. ಓಡಿಹೋದ್ವು."

"ಹಂಗಾರ ನಿನ್ನ ಗುಂಡು ತಪ್ಪೂದಿಲ್ಲ ಅಂದ್ರ ನೀ ಹಂದಿಗೆ ಹೊಡ್ದೇ ಇಲ್ಲ. ಹಂದಿಗೆ ಹೊಡ್ದದ್ದು ಖರೇ ಆದ್ರ ಗುಂಡು ತಪ್ಪೈತಿ. ನೀ ಸುಳ್ಳ ಹೇಳಾಂವೋ, ಗುರಿ ತಪ್ಪಿದಾಂವೋ? ಎರಡರಾಗ ಒಂದು ಹೇಳು. ಎರಡೂ ಉಳಿಸ್ಕೊಳ್ಳಾಕ ಆಗಂಗಿಲ್ಲ."

ಅವನು ಗಾಡಿಗೆ ಕಿಕ್ ಹೊಡೆದ. ಹಿಂದೆ ಕುಳಿತು ವಾಲ್ಟರ್ ಹೇಳಿಕಳಿಸಿದ ಮಾತನ್ನೂ ದಾರಿಯಲ್ಲೇ ಹೇಳಿದೆ. ಮರುದಿನ ಬೆಳಿಗ್ಗೆ ನಮ್ಮ ಎರಡು ಎತ್ತುಗಳಲ್ಲಿ ಎಳೆಯದನ್ನು ಬಿಚ್ಚಿಕೊಂಡು ಹೋಗಿ ಅಮರೇಗೌಡರ ಕೊಟ್ಟಿಗೆಯಲ್ಲಿ ಕಟ್ಟಿ ಬಂದ ಎಂದು ವೈನಿ ಹೇಳಿದಳು. ಹಿಂದೆ ಏನಿದೆ ಎಂದು ನೋಡದೆ ಹೊಡೆದದ್ದಕ್ಕೆ ಅದು. ಗೌಡರು ಬೇಡವೆನ್ನಲಿಲ್ಲ, ಬಾ ಎಂದು ಕರೆಯಲೂ ಇಲ್ಲ. ಗುಂಡು ತಪ್ಪಿತು ಎಂಬ ಮಾತು ಮಾತ್ರ ಅಣ್ಣನ ಬಾಯಿಂದ ಬಂದಿರಲಿಲ್ಲ.

ಲಿಂಗಸುಗೂರು

ಸಾಕ್ಷಿಯ ಕಟಕಟೆಗೆ ಮೌಲಾಸಾಬ್ ಕಾಕಾ ಮದುವೆಗೆ ಹೊರಟವನ ಹಾಗೆ ಬಂದ. ಅತ್ತರು ಬೇರೆ ಹಚ್ಚಿಕೊಂಡಿದ್ದ. ಇವನ ಗುಂಡು ತಪ್ಪುವುದಿಲ್ಲ ಎಂದು ನೀವು ಹೇಳಿದ್ದು ನಿಜವೇ ಎಂದು ಸರ್ಕಾರಿ ವಕೀಲರು ಕೇಳಿದರು.

"ಖರೇ ರೀ. ಇವರಜ್ಜಂದೂ ತಪ್ತಿರ್ಲಿಲ್ಲ. ತೋಳಾ ಹೊಡ್ದದ್ದು ಹೇಳ್ಲೇನ್ರೀ?"

"ಬೇಡ."

ನಮ್ಮ ವಕೀಲರು ಎದ್ದು, ಅವನು ಹೊಡೆದದ್ದನ್ನು ನೀವು ಎಷ್ಟು ಸಲ ಕಣ್ಣಾರೆ ನೋಡಿದ್ದೀರಿ ಎಂದು ಕೇಳಿದರು. ಕಾಕಾ ಆ ಕಡೆ ಈ ಕಡೆ ನೋಡಿದ. "ನಂದು ಅಂಗಡಿ ಐತ್ರೀ. ಅಂಗಡಿ ಬಿಟ್ಟು ಹೊಲಕ್ಕ ಹ್ಯಾಂಗ ಹೋಗ್ಲಿ? ಕೇಳೀನಿ. ಎಲ್ಲಾರೂ ಹೇಳ್ತಾರ" ಎಂದ. ಎಲ್ಲರೂ ಯಾರಿಂದ ಕೇಳಿದ್ದು ಎಂದು ಯಾರೂ ಕೇಳಲಿಲ್ಲ. ನನಗೆ ಗೊತ್ತಿತ್ತು, ಅವನಿಂದಲೇ.

ಆಮೇಲೆ ನ್ಯಾಯಾಧೀಶರು ಅಣ್ಣನ ಕಡೆ ತಿರುಗಿ, ಇದಕ್ಕೆ ನೀನು ಏನು ಹೇಳುತ್ತೀ ಎಂದರು. ಅಣ್ಣ ಕೈ ಕಟ್ಟಿಕೊಂಡು ನಿಂತಿದ್ದ. ಕಿಟಕಿಯ ಹೊರಗೆ ಟೈಪಿಂಗ್ ಮಾಡುವವರ ಸದ್ದು ಕೇಳುತ್ತಿತ್ತು.

"ತಪ್ತೈತ್ರೀ" ಎಂದ.

"ಏನು?"

"ಗುಂಡು ತಪ್ತೈತ್ರೀ ಸಾಹೇಬ್ರ. ಆವತ್ತು ಹಂದಿಗೆ ಹೊಡ್ದೆ, ತಪ್ತು. ಜಾಲಿ ಹಿಂದ ಎತ್ತೈತಂತ ನಾ ನೋಡ್ಲಿಲ್ಲ. ಮೊದ್ಲೂ ಭಾಳ ಸಲ ತಪ್ಪೈತ್ರೀ. ತಗಲಿದ್ದು ಮಂದಿ ಹೇಳಿದ್ರು. ತಪ್ಪಿದ್ದು ನಾ ಒಬ್ಬಂವ ನೋಡೀನಿ, ಯಾರಿಗೂ ಹೇಳಿಲ್ಲ."

ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಮೇಲಿನ ತಾರೀಕಿಗೆ ತೀರ್ಪು ಬಂತು. ಬೇಕಂತ ಹೊಡೆದ ಎಂಬುದು ಸಾಬೀತಾಗಿಲ್ಲ ಎಂದು ಬಿಟ್ಟರು.

ಮಸ್ಕಿಗೆ ಹೋಗುವ ಬಸ್ಸು

ತೀರ್ಪಿನ ದಿನ ನಾವೆಲ್ಲ ಒಂದೇ ಬಸ್ಸಿನಲ್ಲಿ ಮರಳಿದೆವು. ನಾನು ಇನ್ನೇನು ಉಸಿರು ಬಿಡಬೇಕು, ಮುಂದಿನ ಸೀಟಿನಲ್ಲಿ ಕುಳಿತ ಮೌಲಾಸಾಬ್ ಕಾಕಾ ಪಕ್ಕದವನಿಗೆ ಹೇಳುತ್ತಿದ್ದ: "ಏನು ಎದಿ ಅಂತಿ ಅವಂದು. ಕೋರ್ಟಿನಾಗ, ಸಾಹೇಬ್ರ ಮಾರಿ ಮುಂದ, ನನ್ನ ಗುಂಡು ತಪ್ತೈತಿ ಅಂತ ಸುಳ್ಳ ಹೇಳಿ ಬಂದಾನ. ಹುಬ್ಬು ಅಲುಗಾಡ್ಲಿಲ್ಲ. ಸಾಹೇಬ್ರು ನಂಬೇಬಿಟ್ರು."

ಪಕ್ಕದವನು ತಲೆದೂಗಿದ. ಹಿಂದಿನ ಸೀಟಿನವರು ಮುಂದಕ್ಕೆ ಬಾಗಿದರು. ನನ್ನ ಕಣ್ಣೆದುರಿಗೇ ಹೊಸ ಕಥೆಯೊಂದು ಹುಟ್ಟಿ ಗುಡ್ಡ ಹತ್ತತೊಡಗಿತು. ನಾನು ಎದ್ದು ನಿಂತೆ. "ಕಾಕಾ, ಅದು ಸುಳ್ಳಲ್ಲ" ಎಂದು ಶುರು ಮಾಡಿ ನಳಿಗೆ, ಮದ್ದು, ಗಾಳಿ ಎಲ್ಲ ಹೇಳತೊಡಗಿದೆ. ಬಸ್ಸು ತಿರುವಿನಲ್ಲಿ ವಾಲಿತು. "ಮೇಡಂ, ಕುಂದರ್ರಿ, ಬೀಳ್ತೀರಿ" ಎಂದ ಕಂಡಕ್ಟರ್. ಕುಳಿತೆ. ಒಬ್ಬರೂ ಕೇಳಿಸಿಕೊಂಡಿರಲಿಲ್ಲ.

ಮಸ್ಕಿಯಲ್ಲಿ ಇಳಿದ ಮೇಲೆ ಊರಿನ ಆಟೋಗೆ ಕಾಯುತ್ತ ಮೂವರೇ ಉಳಿದೆವು. ಕಾಕಾ ರುಮಾಲಿನಿಂದ ಮುಖ ಒರೆಸಿಕೊಂಡು ಅಣ್ಣನ ಹತ್ತಿರ ಸರಿದು, ಸಣ್ಣ ದನಿಯಲ್ಲಿ ಕೇಳಿದ:

"ಖರೇನ ತಪ್ತಿತ್ತೇನೋ?"

"ತಪ್ತಿತ್ತು ಕಾಕಾ."

ಕಾಕಾ ರುಮಾಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ನಿಮ್ಮಜ್ಜಂದು?"

ಅಣ್ಣ ನನ್ನ ಕಡೆ ನೋಡಿದ.

"ಅಜ್ಜಂದೂ, ಕಾಕಾ. ಅಪ್ಪ ಹೇಳಿದ್ದ."

ಮೌಲಾಸಾಬ್ ಕಾಕಾ ರುಮಾಲನ್ನು ಕಿಸೆಗೆ ಇಳಿಸಿದ. ಆಟೋ ಬಂತು. ಹತ್ತುವಾಗ ಅಣ್ಣನ ಮೊಣಕೈ ಹಿಡಿದುಕೊಂಡು, ನನಗೂ ಕೇಳುವ ಹಾಗೆ ಹೇಳಿದ: "ಕೋರ್ಟಿನಾಗ ಹೇಳಿದ್ದು ಕೋರ್ಟಿನಾಗ ಆತು. ಇದನ್ನ ಊರಾಗ ಯಾರ ಮುಂದೂ ಹೇಳಬ್ಯಾಡ್ರಿ."

ಅದಕ್ಕೇ ಇಲ್ಲಿ ಬರೆದಿದ್ದೇನೆ.